ಕನ್ನಡ ನಾಡಿನ ಸಾರ್ವಕಾಲಿಕ ಹಾಕಿ ತಂಡ: ಯಾರು ಒಳಗೆ, ಯಾರು ಹೊರಗೆ?

ಸಾರ್ವಕಾಲಿಕ ತಂಡವೊಂದನ್ನು ಕಟ್ಟುವ ಆಟಕ್ಕೆ ಮೈದಾನ ಬೇಡ, ಕೋಲು ಬೇಡ, ಚೆಂಡೂ ಬೇಡ. ಒಂದು ಹಾಳೆ, ಒಂದು ಪೆನ್ಸಿಲು, ಮಾತಿಗೆ ಮಾತು ಕೊಡಬಲ್ಲ ನಾಲ್ಕು ಮಂದಿ ಇದ್ದರೆ ಸಾಕು. ಪೀಣ್ಯದ ಕಾರ್ಖಾನೆಗಳ ಕ್ಯಾಂಟೀನುಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಸಾಗುವ ಕಂಪನಿ ಬಸ್ಸುಗಳಲ್ಲಿ, ವೈಟ್‌ಫೀಲ್ಡಿನ ಬಹುಮಹಡಿ ಮನೆಗಳ ಅಂಗಳದಲ್ಲಿ ಈ ಆಟ ನಡೆಯುತ್ತಲೇ ಇರುತ್ತದೆ. ಆದರೆ ಅಲ್ಲೆಲ್ಲ ನಡೆಯುವುದು ಬಹುಮಟ್ಟಿಗೆ ಕ್ರಿಕೆಟ್ಟಿನ ಲೆಕ್ಕಾಚಾರ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ, ದ್ರಾವಿಡ್ ಎಂಬ ಹೆಸರುಗಳು ಕಣ್ಣು ಮುಚ್ಚಿ ಬರೆದರೂ ತಪ್ಪದೆ ಬೀಳುತ್ತವೆ. ಅದೇ ಹಾಳೆಯ ಮೇಲೆ ಕರ್ನಾಟಕದ ಹಾಕಿ ತಂಡವನ್ನು ಬರೆಯಿರೆಂದರೆ ಪೆನ್ಸಿಲು ನಾಲ್ಕನೆಯ ಹೆಸರಿಗೇ ತಡವರಿಸುತ್ತದೆ.

ಹಾಗೆ ತಡವರಿಸಬೇಕಾದ ಬಡತನವೇನೂ ಈ ನಾಡಿಗಿಲ್ಲ. ಒಲಿಂಪಿಕ್ ಚಿನ್ನ, ವಿಶ್ವಕಪ್ಪಿನ ಚಿನ್ನ, ಏಷ್ಯನ್ ಕ್ರೀಡಾಕೂಟದ ಚಿನ್ನ, ಈ ಮೂರೂ ಪದಕಗಳು ಕರ್ನಾಟಕದ ಹಾಕಿ ಆಟಗಾರರ ಕೊರಳನ್ನು ಅಲಂಕರಿಸಿವೆ. ಅವರನ್ನೆಲ್ಲ ಒಂದೇ ಅಂಗಣದಲ್ಲಿ ನಿಲ್ಲಿಸಿ ನೋಡುವುದು ಬರಿಯ ವಿನೋದವೂ ಅಲ್ಲ. ಇಂಥ ತಂಡವನ್ನು ಕಟ್ಟುತ್ತ ಹೋದಂತೆ ನಾಡಿನ ಆಟದ ಇತಿಹಾಸ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಎಲ್ಲಿ ತುಂಬಿದೆ, ಎಲ್ಲಿ ತೆರವಾಗಿದೆ ಎಂಬುದೂ ಕಾಣುತ್ತದೆ.

ಜೋಡಿಯ ಲೆಕ್ಕ

ತಂಡ ಕಟ್ಟುವವರು ಸಾಮಾನ್ಯವಾಗಿ ಮಾಡುವ ತಪ್ಪೊಂದುಂಟು. ಪ್ರಸಿದ್ಧರಾದ ಹನ್ನೊಂದು ಮಂದಿಯನ್ನು ಒಬ್ಬೊಬ್ಬರನ್ನಾಗಿ ಆರಿಸಿ, ತಂಡವಾಯಿತೆಂದು ಕೈ ತೊಳೆದುಕೊಳ್ಳುವುದು. ಕೆನಡಾ ದೇಶದಲ್ಲಿ ಹಿಮದ ಹಾಸಿನ ಮೇಲೆ ಆಡುವ ಐಸ್ ಹಾಕಿಯ ಅಭಿಮಾನಿಗಳು ಈ ವಿಷಯದಲ್ಲಿ ಹೆಚ್ಚು ಜಾಣರು. ಅಲ್ಲಿಯ ವೃತ್ತಿಪರ ಪಂದ್ಯದಲ್ಲಿ ಒಂದು ತಂಡಕ್ಕೆ ಇಬ್ಬರು ಗೋಲ್‌ರಕ್ಷಕರೂ ಹದಿನೆಂಟು ಮಂದಿ ಇತರರೂ ಸಜ್ಜಾಗಿರುತ್ತಾರೆ. ಮುಂಪಡೆಯ ಹನ್ನೆರಡು ಮಂದಿ ಮೂವರು ಮೂವರಂತೆ ನಾಲ್ಕು ಸಾಲುಗಳಾಗುತ್ತಾರೆ. ಹಿಂಬದಿಯ ಆರು ಮಂದಿ ಮೂರು ಜೋಡಿಗಳಾಗುತ್ತಾರೆ. ಒಂದು ನಿಮಿಷ ತುಂಬುವ ಮೊದಲೇ ಇಡೀ ಸಾಲು ಹೊರಗೆ ಬಂದು ಮತ್ತೊಂದು ಸಾಲು ಒಳಗೆ ಧುಮುಕುತ್ತದೆ. ಆದ್ದರಿಂದ ಅಲ್ಲಿ ಸಾರ್ವಕಾಲಿಕ ತಂಡವನ್ನು ತೂಗುವಾಗ ಯಾರು ಶ್ರೇಷ್ಠರೆಂಬ ಪ್ರಶ್ನೆಯ ಬೆನ್ನಿಗೇ ಯಾರ ಪಕ್ಕದಲ್ಲಿ ಯಾರು ಎಂಬ ಪ್ರಶ್ನೆಯೂ ಏಳುತ್ತದೆ.

ನಮ್ಮ ಹಾಕಿಯಲ್ಲಿಯೂ ಹೊರಗೆ ಬಂದವನು ಮತ್ತೆ ಒಳಗೆ ಹೋಗಬಹುದಾದ ಪದ್ಧತಿ 1990ರ ದಶಕದಿಂದ ಬೇರೂರಿದೆ. ಬೆಂಚಿನ ಮೇಲೆ ಕುಳಿತವನು ಈಗ ಬರಿಯ ಮೀಸಲು ಆಟಗಾರನಾಗಿ ಉಳಿದಿಲ್ಲ. ಪಂದ್ಯದ ಅರ್ಧದಷ್ಟು ಹೊತ್ತು ಅವನದೂ ಆಗಬಹುದು. ಹೀಗಾಗಿ ಕರ್ನಾಟಕದ ತಂಡವನ್ನೂ ಇದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ. ಒಲಿಂಪಿಕ್ ತಂಡದ ಅಳತೆಯಂತೆ ಹದಿನಾರು ಸ್ಥಾನಗಳು. ಅರ್ಹತೆಗೆ ಒಂದೇ ನಿಯಮ: ಆಟಗಾರ ಈ ನಾಡಿನಲ್ಲಿ ಹುಟ್ಟಿರಬೇಕು, ಇಲ್ಲವೆ ಈ ನಾಡಿನ ಅಂಗಣದಲ್ಲಿ ಆಟಗಾರನಾಗಿ ಬೆಳೆದಿರಬೇಕು.

ಗೋಲಿನ ಬಾಗಿಲಲ್ಲಿ

ಮೊದಲ ಜಗಳ ಗೋಲಿನ ಬಾಗಿಲಲ್ಲೇ ಆರಂಭವಾಗುತ್ತದೆ. ಸ್ಥಾನಗಳು ಎರಡು, ಹಕ್ಕುದಾರರು ನಾಲ್ವರು.

ಹಿರಿಯರು ಮ್ಯಾನುಯೆಲ್ ಫ್ರೆಡರಿಕ್. ಕೇರಳದ ಕಣ್ಣೂರಿನಲ್ಲಿ ಹುಟ್ಟಿದರೂ ಬೆಂಗಳೂರಿನ ಸೇನಾ ತಂಡದಲ್ಲಿ ಪಳಗಿ, ಎಚ್.ಎ.ಎಲ್. ತಂಡಕ್ಕೂ ಆಡಿ, 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು. ಎರಡನೆಯವರು ಕೊಡಗಿನ ಎ.ಬಿ. ಸುಬ್ಬಯ್ಯ, 1992ರ ಬಾರ್ಸಿಲೋನಾ ಮತ್ತು 1996ರ ಅಟ್ಲಾಂಟಾ, ಎರಡು ಒಲಿಂಪಿಕ್ಸ್ ಕಂಡವರು. ಮೂರನೆಯವರು ಬೆಂಗಳೂರಿನ ಆಶಿಶ್ ಬಲ್ಲಾಳ್. ನಾಲ್ಕನೆಯವರು ಭರತ್ ಚೆಟ್ರಿ. ಬಂಗಾಳದ ಕಾಲಿಂಪಾಂಗಿನಿಂದ ಬಾಲಕನಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ಬೆಳೆದು, 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ನಾಯಕನಾದವರು.

ಈ ನಾಲ್ವರಲ್ಲಿ ಬಲ್ಲಾಳ್ ಅವರನ್ನು ಬಿಡುವುದು ಕಷ್ಟ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯ ದಕ್ಷಿಣ ಕೊರಿಯಾದೊಡನೆ ಸಮವಾಗಿ ಪೆನಾಲ್ಟಿ ಸ್ಟ್ರೋಕುಗಳಿಗೆ ಹೋದಾಗ, ಅವರು ಎರಡು ಹೊಡೆತಗಳನ್ನು ತಡೆದರು. 1966ರ ನಂತರ ಮೂವತ್ತೆರಡು ವರ್ಷ ಕೈಗೆಟುಕದಿದ್ದ ಚಿನ್ನ ಆ ಸಂಜೆ ಭಾರತಕ್ಕೆ ಮರಳಿತು. ಆದರೆ ವಿವೇಚನೆಯುಳ್ಳವರು ಇಲ್ಲಿ ಒಂದು ಮಾತನ್ನು ಎತ್ತದೆ ಇರರು. ಅಂದಿನ ಸ್ಟ್ರೋಕು ನಿಂತಲ್ಲಿಂದ ಹೊಡೆಯುವಂಥದು. ಇಂದು ಸಮವಾದ ಪಂದ್ಯವನ್ನು ತೀರ್ಮಾನಿಸುವುದು ಚೆಂಡನ್ನು ಓಡಿಸಿಕೊಂಡು ಬಂದು ಎಂಟು ಸೆಕೆಂಡಿನೊಳಗೆ ಗೋಲಿಯನ್ನು ವಂಚಿಸಬೇಕಾದ ಬೇರೆಯೇ ಕಲೆ. ಕಾಗದದ ತಂಡ ಯಾವ ಕಾಲದ ನಿಯಮದಂತೆ ಆಡಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಎರಡು ಒಲಿಂಪಿಕ್ಸುಗಳ ಅನುಭವಕ್ಕಾಗಿ ಪಂದ್ಯದ ಉದ್ದಕ್ಕೂ ಸುಬ್ಬಯ್ಯ, ಕೊನೆಯ ಸತ್ವಪರೀಕ್ಷೆಗೆ ಬಲ್ಲಾಳ್ ಎಂಬ ಏರ್ಪಾಡು ಸಮಂಜಸವಾಗಿ ತೋರುತ್ತದೆ. ಫ್ರೆಡರಿಕ್ ಅವರಿಗೆ ಇದರಿಂದ ಅನ್ಯಾಯವಾಯಿತೆಂದು ಹಿರಿಯ ಓದುಗರು ಮುನಿಸಿಕೊಂಡರೆ, ಆ ಮುನಿಸಿನಲ್ಲಿ ಹುರುಳಿದೆಯೆಂದು ಒಪ್ಪಲೇಬೇಕು.

ಹಿಂಬದಿ ಮತ್ತು ಮಧ್ಯರಂಗ

ಬ್ಯಾಕ್ ಸ್ಥಾನಗಳಿಗೆ ಕೊಡಗಿನ ವಿ.ಆರ್. ರಘುನಾಥ್ ಮತ್ತು ಲೆನ್ ಅಯ್ಯಪ್ಪ. ರಘುನಾಥ್ 2012 ಮತ್ತು 2016ರ ಒಲಿಂಪಿಕ್ಸುಗಳಲ್ಲಿ ಆಡಿದವರು. ಇಬ್ಬರೂ ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಕೋಲಿನಿಂದ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್ ವಿದ್ಯೆಯಲ್ಲಿ ನಿಪುಣರು. 1972ರ ಕಾಲದಲ್ಲಿ ಒಬ್ಬನು ಚೆಂಡನ್ನು ಕೈಯಿಂದ ತಡೆದು ನಿಲ್ಲಿಸಿದರೆ ಇನ್ನೊಬ್ಬನು ಬೀಸಿ ಹೊಡೆಯುತ್ತಿದ್ದನು. ಈ ಎಳೆದೆಸೆತ ಅನಂತರದ ಕಾಲದ ಕೊಡುಗೆ.

ಒಂದೇ ವಿದ್ಯೆಯ ಇಬ್ಬರೇಕೆಂದು ಆಕ್ಷೇಪಿಸುವವರಿದ್ದಾರೆ. ಇದಕ್ಕೆ ಉತ್ತರ ಆಟದ ನಿಯಮದಲ್ಲಿಯೇ ಇದೆ. ಪೆನಾಲ್ಟಿ ಕಾರ್ನರ್ ದೊರೆತ ಮೇಲೆ ಅದು ಮುಗಿಯುವವರೆಗೆ ಆಟಗಾರರನ್ನು ಬದಲಾಯಿಸುವಂತಿಲ್ಲ. ಹೊಡೆಯಬಲ್ಲವನು ಆ ಕ್ಷಣದಲ್ಲಿ ಬೆಂಚಿನ ಮೇಲಿದ್ದರೆ ಅವನ ವಿದ್ಯೆ ಬೆಂಚಿನ ಮೇಲೆಯೇ ಉಳಿಯುತ್ತದೆ. ರಘುನಾಥ್ ವಿಶ್ರಾಂತಿಗೆ ಹೊರಟಾಗ ಅಯ್ಯಪ್ಪ ಒಳಗಿರಬೇಕು, ಅಯ್ಯಪ್ಪ ಹೊರಟಾಗ ರಘುನಾಥ್ ಒಳಗಿರಬೇಕು. ಇಬ್ಬರೂ ಒಟ್ಟಿಗೆ ಇರುವ ಹೊತ್ತಿನಲ್ಲಿ ಎದುರಾಳಿಗೆ ಹೊಡೆತ ಯಾರದೆಂಬುದೇ ತಿಳಿಯದು. ಅಪಾಯವೂ ಒಂದಿದೆ. ಇಬ್ಬರೂ ಕಾರ್ನರಿಗಾಗಿ ಮುಂದೆ ಹೋದಾಗ ಎದುರಾಳಿ ಚೆಂಡನ್ನು ಕಸಿದುಕೊಂಡು ಓಡಿದರೆ ಹಿಂದೆ ಕಾಯುವವರು ಬೇಕು.

ಆ ಕಾವಲಿಗೆ ಎಂ.ಎಂ. ಸೋಮಯ್ಯನವರಿಗಿಂತ ತಕ್ಕವರು ಸಿಗಲಾರರು. 1980ರ ಮಾಸ್ಕೋ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಸ್ಪೇನ್ ತಂಡವನ್ನು 4–3 ಗೋಲುಗಳಿಂದ ಸೋಲಿಸಿ ಭಾರತ ಚಿನ್ನ ಗೆದ್ದಾಗ ತಂಡದಲ್ಲಿದ್ದ ಈ ಕೊಡಗಿನ ಯುವಕ, 1984ರ ಲಾಸ್ ಏಂಜಲೀಸ್ ಕಂಡು, 1988ರ ಸಿಯೋಲಿನಲ್ಲಿ ನಾಯಕರಾದರು. ಕಾಗದದ ತಂಡದ ನಾಯಕಪಟ್ಟವೂ ಅವರಿಗೇ ಸಲ್ಲಬೇಕು. ಈ ಹದಿನಾರರಲ್ಲಿ ಒಲಿಂಪಿಕ್ ಚಿನ್ನ ಕಂಡವರು ಅವರೊಬ್ಬರೇ.

ಅವರ ಪಕ್ಕದಲ್ಲಿ ಬೆಂಗಳೂರಿನ ಜೂಡ್ ಫೆಲಿಕ್ಸ್. 1988ರಲ್ಲಿ ಸೋಮಯ್ಯನವರ ನಾಯಕತ್ವದಲ್ಲಿ ಆಡಿ, 1992ರಲ್ಲಿ ಮತ್ತೊಂದು ಒಲಿಂಪಿಕ್ಸ್ ಕಂಡು, 1994ರ ವಿಶ್ವಕಪ್ಪಿಗೆ ತಾವೇ ನಾಯಕರಾಗಿ ಹೋದವರು. ಮಧ್ಯರಂಗದ ಉಳಿದ ಎರಡು ಸ್ಥಾನಗಳು ಎಸ್.ಕೆ. ಉತ್ತಪ್ಪ ಮತ್ತು ಅರ್ಜುನ್ ಹಾಲಪ್ಪ ಅವರಿಗೆ. ಉತ್ತಪ್ಪ ರಘುನಾಥರ ಜೊತೆಯಲ್ಲಿಯೇ ಎರಡು ಒಲಿಂಪಿಕ್ಸ್ ಆಡಿದವರು. ಹಾಲಪ್ಪ 2004ರ ಅಥೆನ್ಸ್ ತಂಡದವರು. ಮಧ್ಯರಂಗದಿಂದ ಮುಂಪಡೆಗೆ ಸಲೀಸಾಗಿ ಸಾಗಬಲ್ಲವರು. ಹಳೆಯ ಪದ್ಧತಿಯಂತೆ ಐವರು ಮುಂಪಡೆಯವರು ಬೇಕೆಂದು ಹಟ ಹಿಡಿಯುವ ಓದುಗರು ಹಾಲಪ್ಪ ಅವರನ್ನು ಒಂದು ಹೆಜ್ಜೆ ಮುಂದೆ ಬರೆದುಕೊಳ್ಳಬಹುದು.

ಮುಂಪಡೆಯ ಸಾಲು

ಮುಂಪಡೆಯ ನಡುವಿಗೆ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ. ಇವರಿಬ್ಬರೂ 1972ರ ಮ್ಯೂನಿಕ್ಕಿನಲ್ಲಿ ಒಟ್ಟಿಗೆ ಕಂಚು ಗೆದ್ದವರು. ಮರುವರ್ಷ ನೆದರ್ಲೆಂಡ್ಸಿನ ಆಮ್‌ಸ್ಟೆಲ್‌ವೇನಿನಲ್ಲಿ ನಡೆದ ವಿಶ್ವಕಪ್ಪಿಗೆ ಗಣೇಶ್ ನಾಯಕರು. ಅಂತಿಮ ಪಂದ್ಯದಲ್ಲಿ ಆತಿಥೇಯರ ಮೇಲೆ ಎರಡು ಗೋಲುಗಳಿಂದ ಮುಂದಿದ್ದ ಭಾರತ 2–2ಕ್ಕೆ ಇಳಿಯಿತು. ಹೆಚ್ಚುವರಿ ಆಟದಲ್ಲಿ ದೊರೆತ ಪೆನಾಲ್ಟಿ ಸ್ಟ್ರೋಕು ಗೋವಿಂದ ಅವರ ಪಾಲಿಗೆ ಬಂದಿತು, ಗೋಲಾಗಲಿಲ್ಲ. ಕೊನೆಗೆ ಕಪ್ಪು ಡಚ್ಚರದಾಯಿತು, ಭಾರತಕ್ಕೆ ಬೆಳ್ಳಿ ಉಳಿಯಿತು.

ಈ ಒಂದು ಹೊಡೆತವನ್ನು ಎತ್ತಿ ಹಿಡಿದು ಗೋವಿಂದ ಅವರನ್ನು ತಂಡದಿಂದ ಹೊಡೆದುಹಾಕುವವರಿದ್ದರೆ, ಅವರು ಎರಡು ವರ್ಷ ಮುಂದೆ ನೋಡಬೇಕು. 1975ರ ಮಾರ್ಚಿಯಲ್ಲಿ ಕೌಲಾಲಂಪುರದ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಭಾರತ ಗೆದ್ದ ಏಕೈಕ ವಿಶ್ವಕಪ್ಪಿನ ತಂಡದಲ್ಲಿ ಅದೇ ಗೋವಿಂದ ಇದ್ದರು. ಆಯ್ಕೆಗಾರರು ಒಂದು ತಪ್ಪಿದ ಹೊಡೆತದಿಂದ ಮನುಷ್ಯನನ್ನು ಅಳೆಯಲಿಲ್ಲ. ಅದರ ಫಲ ದೇಶಕ್ಕೆ ದಕ್ಕಿತು. ಕಾಗದದ ತಂಡದಲ್ಲಿ ಸ್ಟ್ರೋಕನ್ನು ರಘುನಾಥರಿಗೆ ಒಪ್ಪಿಸಿದರೆ ತಕರಾರಿರದು, ಆದರೆ ಗೋವಿಂದ ಅವರಿಲ್ಲದ ಮುಂಪಡೆ ಮುಂಪಡೆಯಲ್ಲ.

ಬಲದಂಚಿಗೆ ಎಸ್.ವಿ. ಸುನಿಲ್. ಆ ಅಂಚಿನಲ್ಲಿ ಅವರ ವೇಗಕ್ಕೆ ಸಾಟಿಯಾದವರನ್ನು ಇತ್ತೀಚಿನ ಭಾರತದಲ್ಲಿ ಹುಡುಕುವುದೇ ಕಷ್ಟ. 2012 ಮತ್ತು 2016ರ ಒಲಿಂಪಿಕ್ಸ್ ಆಡಿದ, 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ, 2016ರಲ್ಲಿ ಏಷ್ಯಾದ ಶ್ರೇಷ್ಠ ಆಟಗಾರನೆಂಬ ಗೌರವ ಪಡೆದ ಆಟಗಾರ. ಎಡದಂಚಿಗೆ ಅವರ ಜೊತೆಗಾರ ನಿಕ್ಕಿನ್ ತಿಮ್ಮಯ್ಯ. ಇಂಚಿಯಾನಿನ ಚಿನ್ನದಲ್ಲಿಯೂ 2016ರ ರಿಯೊ ಒಲಿಂಪಿಕ್ಸಿನಲ್ಲಿಯೂ ಇಬ್ಬರೂ ಒಟ್ಟಿಗಿದ್ದರು.

ಹುಲ್ಲಿನ ಮೈದಾನದ ಕಾಲದ ಗಣೇಶ್, ಕೃತಕ ಹಾಸಿನ ಮೇಲೆ ಮಿಂಚಿನಂತೆ ಓಡುವ ಸುನಿಲ್ ಅವರ ಪಾಸಿಗೆ ಸಮಯಕ್ಕೆ ಸರಿಯಾಗಿ ಬಂದು ನಿಲ್ಲುವರೇ ಎಂದು ಕೇಳುವವರಿಗೆ ಖಚಿತ ಉತ್ತರವನ್ನು ಯಾರೂ ಕೊಡಲಾರರು. ಒಲಿಂಪಿಕ್ ಹಾಕಿ ಕೃತಕ ಹಾಸಿಗೆ ಕಾಲಿಟ್ಟದ್ದು 1976ರ ಮಾಂಟ್ರಿಯಲ್‌ನಲ್ಲಿ. ಅದರ ಹಿಂದಿನವರನ್ನೂ ಮುಂದಿನವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಒಂದು ಧೈರ್ಯ. ಆದರೂ ಸಮಾಧಾನಕ್ಕೆ ಒಂದು ಅಂಶವುಂಟು: ಗೋವಿಂದ ಮತ್ತು ಸುನಿಲ್ ಇಬ್ಬರೂ ಕೊಡಗಿನ ಸೋಮವಾರಪೇಟೆಯವರು, ಹಾಲಪ್ಪ ಅವರೂ ಅಲ್ಲಿಯವರೇ. ಒಂದು ಸಣ್ಣ ಪೇಟೆ ಮೂರು ತಲೆಮಾರಿಗೆ ಮೂವರು ಒಲಿಂಪಿಕ್ ಆಟಗಾರರನ್ನು ಕೊಟ್ಟಿದೆ.

ಹನ್ನೊಂದರ ನಂತರ

ಹೀಗೆ ಹನ್ನೊಂದು ಮಂದಿಯಾದರು: ಸುಬ್ಬಯ್ಯ; ರಘುನಾಥ್, ಅಯ್ಯಪ್ಪ; ಸೋಮಯ್ಯ, ಫೆಲಿಕ್ಸ್, ಉತ್ತಪ್ಪ, ಹಾಲಪ್ಪ; ಸುನಿಲ್, ಗಣೇಶ್, ಗೋವಿಂದ, ತಿಮ್ಮಯ್ಯ. ಬೆಂಚಿನಲ್ಲಿ ಬಲ್ಲಾಳ್, ಅವರ ಜೊತೆಗೆ 1992ರ ಒಲಿಂಪಿಕ್ಸ್ ಆಡಿದ ಸಿ.ಎಸ್. ಪೂಣಚ್ಚ ಮತ್ತು 1996ರ ಒಲಿಂಪಿಕ್ಸ್ ಆಡಿದ ಅನಿಲ್ ಆಲ್ಡ್ರಿನ್. ಒಟ್ಟು ಹದಿನಾಲ್ಕು. ಉಳಿದ ಎರಡು ಸ್ಥಾನಗಳ ಮಾತು ಮುಂದೆ ಬರಲಿದೆ.

ಮಹಿಳೆಯರ ತಂಡವನ್ನು ಬೇರೆಯಾಗಿಯೇ ಬರೆಯಬೇಕು. ಅದರ ಮೊದಲ ಹೆಸರು ಎಲ್ವೆರಾ ಬ್ರಿಟ್ಟೊ ಅವರದು. 1960ರಿಂದ 1967ರವರೆಗಿನ ಅವಧಿಯಲ್ಲಿ ಅವರ ನಾಯಕತ್ವದಲ್ಲಿ ಮೈಸೂರು ರಾಜ್ಯದ ತಂಡ ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 1965ರ ಅರ್ಜುನ ಪ್ರಶಸ್ತಿ ಪಡೆದ ಎಲ್ವೆರಾ 2022ರಲ್ಲಿ ತೀರಿಕೊಂಡರು. ಅವರ ಜೊತೆಯಲ್ಲಿ ತಂಗಿಯರಾದ ರೀಟಾ ಮತ್ತು ಮೇ ಕೂಡ ಆಡುತ್ತಿದ್ದರು. ಒಂದೇ ಮನೆಯ ಮೂವರು ಹೆಣ್ಣುಮಕ್ಕಳು ಒಂದೇ ತಂಡದಲ್ಲಿ! ಜೋಡಿಯ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈಗ ಹದಿನಾಲ್ಕು ಹೆಸರುಗಳ ಹಾಳೆಯನ್ನು ಮತ್ತೊಮ್ಮೆ ದಿಟ್ಟಿಸಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇವರಲ್ಲಿ ಹೆಚ್ಚಿನವರು ಒಂಟಿಯಾಗಿ ಬಂದವರಲ್ಲ. 1972ರಲ್ಲಿ ಗಣೇಶ್ ಮತ್ತು ಗೋವಿಂದ. 1988ರಲ್ಲಿ ಸೋಮಯ್ಯ ಮತ್ತು ಫೆಲಿಕ್ಸ್. 1992ರಲ್ಲಿ ಫೆಲಿಕ್ಸ್, ಸುಬ್ಬಯ್ಯ ಮತ್ತು ಪೂಣಚ್ಚ. 1996ರಲ್ಲಿ ಸುಬ್ಬಯ್ಯ ಮತ್ತು ಆಲ್ಡ್ರಿನ್. 2016ರಲ್ಲಿ ರಘುನಾಥ್, ಉತ್ತಪ್ಪ, ಸುನಿಲ್ ಮತ್ತು ತಿಮ್ಮಯ್ಯ. ಒಬ್ಬನು ದಾರಿ ಮಾಡಿದರೆ ಇನ್ನೊಬ್ಬನು ಆ ದಾರಿಯಲ್ಲಿ ನಡೆದನು. ಕಾಗದದ ಮೇಲೆ ಸಾಲುಗಳನ್ನು ಹೆಣೆಯಲು ಆಯ್ಕೆಗಾರ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇತಿಹಾಸವೇ ಅವನ್ನು ಹೆಣೆದಿಟ್ಟಿದೆ.

ಕಡಿದ ಕೊಂಡಿ

ಆ ಹೆಣಿಗೆ 2016ರ ರಿಯೊದಲ್ಲಿ ನಿಂತುಹೋಗಿದೆ. ಅಲ್ಲಿ ಭಾರತದ ಹದಿನಾರು ಮಂದಿಯಲ್ಲಿ ನಾಲ್ವರು ಕೊಡಗಿನವರು. 2021ರಲ್ಲಿ ಟೋಕಿಯೊದಲ್ಲಿ ಜರ್ಮನಿಯನ್ನು 5–4ರಿಂದ ಸೋಲಿಸಿ, ಸೋಮಯ್ಯನವರ ಮಾಸ್ಕೋ ಚಿನ್ನದ ನಲವತ್ತೊಂದು ವರ್ಷಗಳ ನಂತರ ಭಾರತ ಒಲಿಂಪಿಕ್ ಪದಕ ಗೆದ್ದಾಗ, ಆ ತಂಡದಲ್ಲಿ ಕರ್ನಾಟಕದ ಆಟಗಾರ ಒಬ್ಬನೂ ಇರಲಿಲ್ಲ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಪೇನನ್ನು 2–1ರಿಂದ ಸೋಲಿಸಿ ಮತ್ತೆ ಕಂಚು ಗೆದ್ದಾಗಲೂ ಇರಲಿಲ್ಲ. ಒಂದರ ಹಿಂದೊಂದು ಒಲಿಂಪಿಕ್ಸಿನಲ್ಲಿ ಭಾರತ ಹಾಕಿಯ ಪದಕ ಗೆದ್ದದ್ದು ಅದಕ್ಕೂ ಹಿಂದೆ 1968 ಮತ್ತು 1972ರಲ್ಲಿ. ಅಂದಿನ ಎರಡನೆಯ ಕಂಚಿನಲ್ಲಿ ಗಣೇಶ್ ಇದ್ದರು, ಗೋವಿಂದ ಇದ್ದರು.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಟೋಕಿಯೊ ಮತ್ತು ಪ್ಯಾರಿಸ್ಸಿನ ಆ ಎರಡು ಪದಕಗಳಿಗೂ ತಯಾರಿ ನಡೆದದ್ದು ಬೆಂಗಳೂರಿನಲ್ಲಿ. ಮೈಸೂರು ರಸ್ತೆಯ ಬದಿಯ ಜ್ಞಾನಭಾರತಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೇ ರಾಷ್ಟ್ರೀಯ ತಂಡದ ಶಿಬಿರ. 2020ರಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಪುರುಷರ ಮತ್ತು ಮಹಿಳೆಯರ ಎರಡು ತಂಡಗಳೂ ತಿಂಗಳುಗಟ್ಟಲೆ ಅದೇ ಆವರಣದಲ್ಲಿ ಉಳಿದುಕೊಂಡಿದ್ದವು. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡಿನ ಕಾಡುಗೋಡಿಯಲ್ಲಿ ಮೆಟ್ರೊ ಹತ್ತಿದವರು ಗಾಡಿ ಬದಲಿಸದೆ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿಯಬಹುದಾಗಿದೆ. ಪಂಜಾಬಿನ ಹುಡುಗನೂ ಒಡಿಶಾದ ಹುಡುಗನೂ ರಾಷ್ಟ್ರದ ಅಂಗಿ ತೊಡಲು ಈ ಊರಿಗೆ ಬರುತ್ತಾರೆ. ಈ ಊರಿನ ಹುಡುಗನಿಗೆ ಮಾತ್ರ ಆ ಅಂಗಣ ದೂರವಾಗಿದೆ.

ಪ್ರತಿಭೆಗೆ ಬರವೆಂದು ಹೇಳುವಂತಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಅರವತ್ತು ಮನೆತನಗಳ ತಂಡಗಳೊಡನೆ ಆರಂಭಿಸಿದ ಕೊಡವ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳನ್ನು ಕೂಡಿಸಿ ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿ ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುತ್ತಾರೆ, ಅಜ್ಜನೂ ಮೊಮ್ಮಗನೂ ಒಂದೇ ಬಣ್ಣದ ಅಂಗಿ ತೊಡುತ್ತಾರೆ. ಆದರೆ ಹಬ್ಬ ಕೆಲವು ವಾರಗಳದು. ಹಬ್ಬದಲ್ಲಿ ಕಣ್ಣಿಗೆ ಬಿದ್ದ ಬಾಲಕನಿಗೆ ವರ್ಷದ ಉಳಿದ ತಿಂಗಳುಗಳಲ್ಲಿ ಕೃತಕ ಹಾಸು, ತರಬೇತಿ, ಮುಂದೆ ಹೊಟ್ಟೆಪಾಡಿಗೆ ಒಂದು ನೌಕರಿ, ಈ ಮೂರೂ ಬೇಕು. ಒಡಿಶಾ ಸರ್ಕಾರ 2018ರಿಂದ ರಾಷ್ಟ್ರೀಯ ತಂಡಗಳ ಪೋಷಕನಾಗಿ ನಿಂತು, ಎರಡು ವಿಶ್ವಕಪ್ಪುಗಳನ್ನು ತನ್ನ ನೆಲದಲ್ಲಿ ನಡೆಸಿತು. ಟೋಕಿಯೊ ತಂಡದಲ್ಲಿ ಆ ರಾಜ್ಯದ ಸುಂದರ್‌ಗಢ ಜಿಲ್ಲೆಯ ಬೀರೇಂದ್ರ ಲಾಕ್ರಾ ಮತ್ತು ಅಮಿತ್ ರೋಹಿದಾಸ್ ಇದ್ದರು. ಅಲ್ಲಿಯೂ ಜೋಡಿಯೇ!

ನೌಕರಿಯ ಮಾತು ಬಂದಾಗ ಬೆಂಗಳೂರಿನ ಹೊರವಲಯದ ಕಡೆಗೆ ನೋಡದೆ ಗತ್ಯಂತರವಿಲ್ಲ. ಒಂದು ಕಾಲಕ್ಕೆ ಸೇನೆಯ ಪಡೆಗಳು, ಎಚ್.ಎ.ಎಲ್.ನಂಥ ಸರ್ಕಾರಿ ಕಾರ್ಖಾನೆಗಳು, ಕೆನರಾ ಬ್ಯಾಂಕಿನಂಥ ಸಂಸ್ಥೆಗಳು ಆಟಗಾರನಿಗೆ ಸಂಬಳದ ಜೊತೆಗೆ ಅಂಗಣವನ್ನೂ ಕೊಟ್ಟವು. ಕಣ್ಣೂರಿನ ಫ್ರೆಡರಿಕ್, ಕಾಲಿಂಪಾಂಗಿನ ಚೆಟ್ರಿ ಇಲ್ಲಿಯವರೇ ಆಗಿ ಹೋದದ್ದು ಹಾಗೆ. ಇಂದು ಸಂಪತ್ತು ಇರುವುದು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ, ಪೀಣ್ಯದ ಯಂತ್ರಾಗಾರಗಳಲ್ಲಿ. ಒಂದೊಂದು ದೊಡ್ಡ ಸಂಸ್ಥೆ ಇಬ್ಬರು ಆಟಗಾರರಿಗೆ, ಗಮನಿಸಬೇಕು, ಇಬ್ಬರಿಗೆ, ಆಶ್ರಯ ಕೊಟ್ಟರೂ ಹತ್ತು ವರ್ಷದಲ್ಲಿ ಹಾಳೆಯ ಚಿತ್ರ ಬೇರೆಯಾದೀತು.

ಆಸೆ ಬತ್ತಿಲ್ಲ. ಜೂಡ್ ಫೆಲಿಕ್ಸ್ 2009ರಲ್ಲಿ ಬೆಂಗಳೂರಿನಲ್ಲಿ ತೆರೆದ ಅಕಾಡೆಮಿ ಬಡಮಕ್ಕಳ ಕೈಗೆ ಹಾಕಿ ಕೋಲು ಕೊಟ್ಟಿತು. 2020ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು. 2024ರ ಸೆಪ್ಟೆಂಬರಿನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದ ಭಾರತ ತಂಡದಲ್ಲಿ ಕರ್ನಾಟಕದ ಮೊಹಮ್ಮದ್ ರಾಹಿಲ್ ಮೌಸೀನ್ ಇದ್ದರು. ಒಂದು ಕೊಂಡಿ ಸಿಕ್ಕಂತಾಯಿತು; ಅದಕ್ಕೆ ಜೊತೆಯ ಕೊಂಡಿ ಬೇಕು.

ಆದ್ದರಿಂದಲೇ ಹದಿನೈದನೆಯ ಮತ್ತು ಹದಿನಾರನೆಯ ಸ್ಥಾನಗಳನ್ನು ತೆರವಾಗಿಯೇ ಬಿಡುವುದು ಒಳ್ಳೆಯದು. ಅವಕ್ಕೆ ಹೆಸರುಗಳಿಲ್ಲವೆಂದಲ್ಲ, ಹಳೆಯ ಆಟಗಾರರ ಪರವಾಗಿ ವಾದಿಸುವವರು ಬೇಕಾದಷ್ಟು ಮಂದಿಯಿದ್ದಾರೆ. ಆದರೆ ಎಲ್ಲ ಸ್ಥಾನಗಳೂ ತುಂಬಿಹೋದ ಸಾರ್ವಕಾಲಿಕ ತಂಡವೆಂದರೆ ಕಥೆ ಮುಗಿದ ನಾಡು. ಮುಂದಿನ ಭಾನುವಾರ ಮನೆಮಂದಿಯೆಲ್ಲ ಕೂಡಿ ಈ ಹಾಳೆಯನ್ನು ತಿದ್ದುವಾಗ, ಸುಬ್ಬಯ್ಯನವರನ್ನು ತೆಗೆದು ಫ್ರೆಡರಿಕ್ ಅವರನ್ನು ಹಾಕಿದರೂ ಹಾಕಲಿ, ಹಾಲಪ್ಪ ಅವರನ್ನು ಮುಂದೆ ತಂದರೂ ತರಲಿ. ಕೊನೆಯ ಎರಡು ಸಾಲುಗಳನ್ನು ಮಾತ್ರ ಮಕ್ಕಳ ಕೈಗೆ ಬಿಟ್ಟುಕೊಡಲಿ.